ಐವತ್ತಾರು ಪೊಟ್ಟಣ

ಹ್ಯಾಲಿಫ್ಯಾಕ್ಸ್ ಬಂದರಿನ ವೆಂಡೆಲ್ ಬೂಡ್ರೋ
ಕಪಾಟಿನ ತುಂಬ ಜೋಡಿಸಿಟ್ಟ:
ವೆನಿಲಾ, ಚಾಕೊಲೇಟು,
ಅಣಬೆ ಸೂಪು ಎಂದು ಬರೆದದ್ದೊಂದು,
ಬಾಯಿಗಿಟ್ಟರೆ ನೆನೆದ ರಟ್ಟು.
ದಿನಕ್ಕೆ ನಾಲ್ಕರಂತೆ ಹದಿನಾಲ್ಕು ದಿನ.
ಆರು ಕಿಲೋ ಇಳಿಸು, ಆಮೇಲೆ ಮಾತಾಡೋಣ
ಎಂದಿದ್ದರು ಡಾಕ್ಟರು.

ಮೂರನೆಯ ದಿನ ಬಲೆ ಹೊಲಿಯುತ್ತ ಕೂತಾಗ
ಗೆಳೆಯರು ಕರಿದ ಹ್ಯಾಡಕ್ ಮೀನು
ಮೂಗು ಹಿಡಿದು ಎಳೆಯಿತು.
ಯಾವ ದೇವರಿಗೋ ಈ ಉಪವಾಸ, ಎಂದಿತು ಹೊಟ್ಟೆ.
ಪುಡಿ ಕಲಕಿದ, ಕಲಕಿದ. ಗಂಟು ಕರಗಲಿಲ್ಲ.
"ಮತ್ತೆ ಮದುವೆಯೇನೋ?" ನಕ್ಕರು.
ಹೂಂ ಎಂದ.

ಒಂಬತ್ತನೆಯ ರಾತ್ರಿ ಒಂದು ತುಂಡು ಬ್ರೆಡ್ಡು ಕದ್ದ,
ತನ್ನದೇ ಮನೆಯಲ್ಲಿ, ದೀಪ ಹಾಕದೆ.
ಬೆಣ್ಣೆಯನ್ನೂ ಸವರಿದ.

ಇವತ್ತು ಆಸ್ಪತ್ರೆಯ ತಕ್ಕಡಿ.
ಬೂಟು ಬಿಚ್ಚಿದ. ಕೋಟು, ಬೆಲ್ಟು, ಗಡಿಯಾರ,
ಜೇಬಿನ ಚಿಲ್ಲರೆ, ಕೊನೆಗೆ ಉಂಗುರ.
ಇನ್ನೂ ಮುನ್ನೂರು ಗ್ರಾಂ.
ನರ್ಸಮ್ಮ ಮುಳ್ಳು ನೋಡಿದಳು, ಕಿಟಕಿ ನೋಡಿದಳು,
"ಕಾಲುಚೀಲ ಬಲು ದಪ್ಪ" ಎಂದು
ಏನೋ ಬರೆದುಕೊಂಡಳು.

ಪಕ್ಕದ ಕೋಣೆಯಲ್ಲಿ ತಂಗಿ ಒಡೆಟ್,
ಯಂತ್ರಕ್ಕೆ ತೋಳು ಕೊಟ್ಟು ಮಲಗಿದವಳು,
ಕಣ್ಣು ತೆರೆಯದೆ ಕೇಳಿದಳು:
"ಏನು ತಿಂದೆಯೋ ಇವತ್ತು?"
"ವೆನಿಲಾ."
"ಕಿಡ್ನಿಗೂ ಅದೇ ವಾಸನೆ ಹತ್ತಿದ್ದರೆ
ನನಗೆ ಬೇಡಪ್ಪ."