ಒತ್ತು

ಸೋಮವಾರ, ಗುರುವಾರ ನನ್ನ ಪಾಳಿ.
ಹಾಸನದ ದೊಡ್ಡಾಸ್ಪತ್ರೆ, ಎರಡನೇ ಮಹಡಿ,
ಕಿಟಕಿ ಪಕ್ಕದ ನಾಲ್ಕನೇ ಮಂಚ.
ನಾಲ್ಕು ಗಂಟೆ ನನ್ನ ರಕ್ತ ನನ್ನಿಂದ ಹೊರಟು
ಕೊಳವೆಯಲ್ಲಿ ಊರು ಸುತ್ತಿ
ಮೈ ತೊಳೆದುಕೊಂಡು ಮನೆಗೆ ಬರುತ್ತದೆ.
ಸಿಸ್ಟರ್ ಹಸೀನಾ ಸೂಜಿಯ ಮೇಲೆ ಟೇಪು ಅಂಟಿಸಿ
ಗೂಡಿನಲ್ಲಿಟ್ಟ ಸಣ್ಣ ಸ್ಪೀಕರಿನ ಗುಂಡಿ ಒತ್ತುತ್ತಾಳೆ:
‘ಶುರುವಾಯ್ತು ನೋಡಿ, ನಿಮ್ಮ ಭಾವನದು.’

ಭಾವ ಮೂಡ್ಲಗಿರಿಯ ನಾದಸ್ವರ.
ಜೊತೆಗೆ ಚರ್ಚಿನಲ್ಲಿ ಕೀಬೋರ್ಡು ನುಡಿಸುವ ಇಗ್ನೇಷಿಯಸ್.
ನೀಲಾಂಬರಿ.

ಮೂವತ್ತೊಂದು ವರ್ಷ ಅವನ ಎಡಗಡೆ ಕೂತವನು ನಾನು.
ದುದ್ದ, ಶಾಂತಿಗ್ರಾಮ, ಕಟ್ಟಾಯ, ಆಲೂರು,
ಯಾವ ಚಪ್ಪರವಾದರೂ ನನ್ನದು ಒಂದೇ ಸ್ವರ.
ಒತ್ತು ಊದುವವನ ಬೆರಳಿಗೆ ಕೆಲಸವಿಲ್ಲ,
ತೂತುಗಳಿಗೆ ಮೇಣ ಮೆತ್ತಿರುತ್ತದೆ.
ಕೆನ್ನೆಯಲ್ಲಿ ಗಾಳಿ ಕೂಡಿಟ್ಟು, ಮೂಗಿನಲ್ಲಿ ಕದ್ದು,
ಒಂದು ಉಸಿರಿನ ಬಾಲಕ್ಕೆ ಇನ್ನೊಂದರ ತಲೆ ಗಂಟುಹಾಕಬೇಕು, ಅಷ್ಟೆ.
ಅಕ್ಷರದ ಕೆಳಗಿನ ಒತ್ತಿನ ಹಾಗೆ:
ಇದ್ದಾಗ ಯಾರೂ ಲೆಕ್ಕಕ್ಕಿಡುವುದಿಲ್ಲ,
ಬಿಟ್ಟು ನೋಡಿ, ಅಕ್ಕ ಅಕ ಆಗುತ್ತಾಳೆ.

ತಾಳಿ ಕಟ್ಟುವಾಗ ಪುರೋಹಿತರು ಬೆರಳೆತ್ತಿ ಕೂಗುವರು: ಗಟ್ಟಿಮೇಳ!
ಆಗ ನಮ್ಮ ಕೆಲಸ ಮುಚ್ಚುವುದು.
ಸೀನು ಕೇಳಬಾರದು,
ಕೆಟ್ಟ ಮಾತು ಕೇಳಬಾರದು,
ಹೆಣ್ಣಿನ ತಾಯಿ ಸೆರಗಿನೊಳಗೆ ಬಿಕ್ಕಿದ್ದು ಕೇಳಬಾರದು.
ಒಮ್ಮೆ ಆಲೂರಿನಲ್ಲಿ ಹುಡುಗಿಯೇ ಏನೋ ಅಂದಳು.
ತುಟಿ ಆಡಿದ್ದು ಕಂಡೆ.
ಡೋಲು ಬಿತ್ತು, ಅಕ್ಕಿ ಬಿತ್ತು.
ಏನಂದಳೋ.

ಹೋದ ವರ್ಷ, ಮಗನ ಕ್ರಾಪಿಗೆಂದು ಭಾವನ ಸಲೂನಿಗೆ ಬಂದ ಹಸೀನಾ
ಕೇಳಿದಳಂತೆ: ನಮ್ಮ ವಾರ್ಡಿಗೆ ಮೆಲ್ಲಗಿನದೊಂದು ಮಾಡಿಕೊಡಿ,
ಮಲಗಿದವರು ಗಡಿಯಾರ ನೋಡದಂಥದ್ದು.
ಭಾವ ನಕ್ಕ. ಇದು ಬಯಲಲ್ಲಿ ಹುಟ್ಟಿದ ವಾದ್ಯ ತಾಯಿ,
ಮೆಲ್ಲಗೆ ಅನ್ನುವುದೇ ಇದಕ್ಕೆ ಗೊತ್ತಿಲ್ಲ.
ಆದರೂ ಅಂಗಡಿ ಮುಚ್ಚಿದ ಮೇಲೆ
ಅಣಸಿಗೆ ಟವೆಲು ತುರುಕಿ ನೋಡಿದ. ನೆಗಡಿಯಾಯಿತು.
ಸೀವಾಳಿ ತೆಳ್ಳಗೆ ಹೆರೆದ. ಹಸಿದ ಕೂಸಾಯಿತು.
ಕೊನೆಗೆ ಇಗ್ನೇಷಿಯಸ್ಸೇ ಹೇಳಿದ್ದು:
ದೂರ ಹೋಗಿ ಊದಿ.

ಆಷಾಢ. ಸಾಲಗಾಮೆ ರಸ್ತೆಯ ಛತ್ರ ಪುಕ್ಕಟೆ ಸಿಕ್ಕಿತು.
ಊಟದ ಹಾಲಿನ ಈ ತುದಿಗೆ ಮೈಕು,
ಕೈ ತೊಳೆಯುವ ನಲ್ಲಿಗಳ ಆ ತುದಿಗೆ ಭಾವ,
ನಡುವೆ ನೂರು ಅಡಿ ಖಾಲಿ ಬೆಂಚು.
ಇಗ್ನೇಷಿಯಸ್ ಮೂರು ಮೂರು ಸ್ವರ ಒಟ್ಟಿಗೆ ಒತ್ತಿದ.
‘ಮೂವರೂ ಒಟ್ಟಿಗೆ ಮಾತಾಡಿದರೆ ಯಾರಿಗಂತ ಉತ್ತರ ಕೊಡಲಿ?’
ಆ ತುದಿಯಿಂದ ಕೂಗು.
ಜಗಳ, ಟೀ, ಮತ್ತೆ ಜಗಳ.
ಮೂರನೇ ರಾತ್ರಿ ಅವನು ಒಂದು ಸ್ವರ ಎತ್ತಿಟ್ಟ,
ಇವನು ಒಂದು ಬಿರ್ಕಾ ಬಿಟ್ಟುಕೊಟ್ಟ.

ನಾನು ಹೋಗಲಿಲ್ಲ.
ಊದುವುದು ಅಷ್ಟರಲ್ಲಿ ಬಾಯಿಂದ ಕಾಲಿಗೆ ಇಳಿದಿತ್ತು.
ನನ್ನ ಸ್ವರವನ್ನು ಕೀಬೋರ್ಡಿನ ಬಿಳಿ ಮನೆಯೊಂದರಲ್ಲಿ
ಬಸ್ ಟಿಕೇಟು ಮಡಿಸಿ ಸಿಕ್ಕಿಸಿ ಹಿಡಿಸಿದರಂತೆ.
ಕೆನ್ನೆ ನೋಯದ ಒತ್ತು.
ಕೇಳಿದ ಮೊದಲ ದಿನ ಸ್ವಲ್ಪ ಉರಿಯಿತು, ಸುಳ್ಳೇಕೆ.

ಈಗ ಕೇಳುತ್ತೇನೆ.
ಪಕ್ಕದ ಬೀದಿಯ ಮದುವೆಯ ಹಾಗೆ ಬರುತ್ತದೆ,
ನಮಗೆ ಕರೆಯೋಲೆ ಇಲ್ಲದ, ಮುಯ್ಯಿ ಮಾಡಬೇಕಿಲ್ಲದ ಮದುವೆ.
ನನ್ನ ಯಂತ್ರದ್ದೂ ಒಂದೇ ಸ್ವರ,
ಬಸ್ ಟಿಕೇಟಿಗಿಂತ ಎಳ್ಳಷ್ಟು ಕೆಳಗೆ.
ಸರಿಮಾಡಲು ಮೇಣವಿಲ್ಲ, ಇರಲಿ.
ಭಾವನ ಊದು ಏನನ್ನೂ ಮುಚ್ಚುವುದಿಲ್ಲ:
ಮೂರನೇ ಮಂಚದ ಕೆಮ್ಮು,
ವರಾಂಡದಲ್ಲಿ ಯಾರೋ ಟಿಫನ್ ಡಬ್ಬಿಯ ಮುಚ್ಚಳದ ಜೊತೆ ಹೆಣಗುವುದು,
ಎಲ್ಲ ಅದರದರ ಜಾಗದಲ್ಲಿ ಕೇಳುತ್ತದೆ.

ಇವತ್ತು ಐದನೇ ಮಂಚಕ್ಕೆ ಹೊಸ ಹುಡುಗಿ.
ಗೋಡೆಗೆ ಮುಖ ಮಾಡಿ ಏನೋ ಅಂದಳು.
‘ಚಳಿ’ ಅಂದಳು.
ಹಸೀನಾ ಹೊದಿಕೆ ತಂದಳು.
ನಾದಸ್ವರ ಅಲ್ಲೇ
ನಲ್ಲಿಗಳ ಬಳಿ ನಿಂತಿತ್ತು.