ಎಡಗಡೆ ಕಮ್ಮಿ

ಮೊದಲು ಕಮ್ಮಿಯಾದದ್ದು ಮೃದಂಗ.
ಪಿಟೀಲು ಬಲಗಡೆ ಇದ್ದಲ್ಲೇ ಇತ್ತು,
ಹಾಡುವಾಕೆ ನಡುಹಣೆಯಲ್ಲಿ.
ಮೃದಂಗದವರು ಮಾತ್ರ
ಯಾರಿಗೂ ಹೇಳದೆ ಜಮಖಾನ ಸರಿಸಿಕೊಂಡು
ದಿನಕ್ಕೊಂದು ಗೇಣು ಹಿಂದೆ ಹಿಂದೆ.
ಪುತ್ತರಿಯ ಹೊತ್ತಿಗೆ ಅವರು ಪಕ್ಕದ ಕೋಣೆಯಲ್ಲಿ
ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದರು.

ಮೂವತ್ತೆಂಟು ಸಾವಿರದ ಇಯರ್‌ಫೋನ್.
ಕರಿಮೆಣಸಿಗೆ ರೇಟು ಬಂದ ವರ್ಷ ತರಿಸಿದ್ದು.
ದೇಚಮ್ಮನಿಗೆ ಮೂರು ಸಾವಿರದ ಎಂಟುನೂರು ಎಂದಿದ್ದೆ.
ಸುಳ್ಳಲ್ಲ, ಒಂದು ಸೊನ್ನೆ ಕಮ್ಮಿ, ಅಷ್ಟೆ.
ಅದಕ್ಕೂ ಅವಳು, ಒಂದು ಲೋಡು ಗೊಬ್ಬರ ಬರುತ್ತಿತ್ತು ಎಂದಳು.

ವಾರಂಟಿ ಮುಗಿದು ಹನ್ನೊಂದು ದಿನ.
ಕಂಪನಿಯವರ ಉತ್ತರ, ಬಹಳ ವಿನಯ:
ರಿಪೇರಿಗೆ ಹದಿನಾಲ್ಕು ಸಾವಿರದ ಇನ್ನೂರು,
ಆರು ವಾರ, ಗ್ಯಾರಂಟಿ ಇಲ್ಲ.
ಅಥವಾ ಹಳೆಯದು ಕೊಟ್ಟು ಹೊಸದು ಕೊಳ್ಳಿ,
ಕಾಲು ಭಾಗ ಬಿಡುತ್ತೇವೆ.

ರಸೀತಿ ಪುಸ್ತಕದ ಬೆನ್ನಿಗೆ ಲೆಕ್ಕ ಬರೆದೆ.
ನಾಪೋಕ್ಲಿನ ಸಹಕಾರ ಸಂಘದಲ್ಲಿ
ಇಪ್ಪತ್ತಾರು ವರ್ಷ ಬೇರೆಯವರ ಸಾಲ ತೂಗಿದವನು.
ಬಡ್ಡಿ ಹಾಕಿ ನೋಡಿದೆ, ಸವಕಳಿ ಕಳೆದು ನೋಡಿದೆ.
ಎರಡು ಮೊತ್ತಗಳೂ
ಮೊಂಡು ಎತ್ತುಗಳಂತೆ ಪಕ್ಕಪಕ್ಕ ನಿಂತವು.

ಸಂತೆಯ ದಿನ
ಬಸ್‌ಸ್ಟ್ಯಾಂಡಿನ ಹಿಂದಿನ ಹಂಸನ ಅಂಗಡಿಗೆ ಹೋದೆ.
ಮಿಕ್ಸಿ, ಟಾರ್ಚು, ಕಾಡುಹಂದಿ ಓಡಿಸುವ ಸೈರನ್ನು
ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಮೇಜು.
ಅವುಗಳ ನಡುವೆ ಮಖಮಲ್ಲಿನ ಡಬ್ಬಿ ತೆರೆಯಲು
ನನಗೇ ಸ್ವಲ್ಪ ನಾಚಿಕೆ.
ಎಷ್ಟಕ್ಕೆ ತಗೊಂಡಿರಿ ಎಂದ.
ಹದಿನೈದು ಸಾವಿರ ಎಂದೆ.
ಕೇಳುವವರ ಮುಖ ನೋಡಿ ಅದರ ಬೆಲೆ ಏರಿಳಿಯುತ್ತದೆ,
ನಮ್ಮ ಕಾಫಿಯ ಹಾಗೆ.

ವಾಚಿನವರ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ
ಜಾಲರಿ ತೆಗೆದ, ಉಜ್ಜಿದ, ಊದಿದ,
ಸಾಸಿವೆಯಷ್ಟು ಏನನ್ನೋ ಹತ್ತಿಗೆ ಒರೆಸಿ ತೋರಿಸಿದ:
ನಿಮ್ಮದೇ.
ತನ್ನ ಕಿವಿಗಳಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ.
ಬಹಳ ಹೊತ್ತು ಮುಚ್ಚಿಯೇ ಇದ್ದ.
ಮೇಜಿನ ಮೇಲೆ ಅವನ ಎಡಗೈ ಬೆರಳು
ನನಗೆ ಕೇಳದ ಮೃದಂಗದ ಜೊತೆ ಹೊರಟಿತು.

"ಸರಿಯಾಗಿದೆಯಲ್ಲ ಸಾರ್, ಎರಡೂ ಒಂದೇ ತೂಕ.
ಬೇಕಾದರೆ ಅದಲುಬದಲು ಮಾಡಿ ಕೇಳಿ."

ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ.
ಈಗ ಪಿಟೀಲು ಎದ್ದು ಪಕ್ಕದ ಕೋಣೆಗೆ ಹೋಯಿತು,
ಮೃದಂಗ ಬಂದು ಮಗ್ಗುಲಲ್ಲಿ ಕೂತಿತು.

ಹಂಸ ಏನೂ ಹೇಳಲಿಲ್ಲ. ಸ್ಕ್ರೂಡ್ರೈವರ್ ಒರೆಸಿದ.
ಆಮೇಲೆ ಬೇರೇನೋ ಮಾತೆತ್ತುವವನ ಹಾಗೆ:
"ನೀವು ಕೋವಿ ಹಿಡಿಯೋದು ಬಲ ಹೆಗಲಿಗಲ್ವಾ?"

ಬಲ ಹೆಗಲಿಗೆ. ಕೆನ್ನೆ ಹಿಡಿಗೆ ಒತ್ತಿದರೆ
ನಳಿಗೆಯ ಕಡೆ ತಿರುಗುವುದು ಎಡಗಿವಿ.
ಕೈಲ್‌ಮುಹೂರ್ತಕ್ಕೆ ಮರದ ತುದಿಯ ತೆಂಗಿನಕಾಯಿಗೆ,
ಕದಿರು ಕೊಯ್ಯುವಾಗ ಆಕಾಶಕ್ಕೆ,
ಅಣ್ಣನಿಗೆ ಗಂಡು ಹುಟ್ಟಿದಾಗ ಒಂದು,
ಅಪ್ಪ ಹೋದ ಬೆಳಿಗ್ಗೆ ಅಂಗಳದಲ್ಲಿ ಎರಡು.
ಆ ಎರಡರ ನಂತರ ನಾಲ್ಕು ದಿನ
ಎಡಗಡೆ ಜೀರುಂಡೆ ಕೂತಂತೆ ಗುಂಯ್ ಎಂದದ್ದು.
ದುಃಖಕ್ಕೆ ಹಾಗಾಗುತ್ತದೇನೋ ಎಂದುಕೊಂಡು
ಯಾರಿಗೂ ಹೇಳಿರಲಿಲ್ಲ.

ಹಂಸ ನನ್ನ ಫೋನ್ ಇಸಕೊಂಡು
ಯಾವುದೋ ಪುಟದೊಳಗಿನ ಪುಟದಲ್ಲಿ
ಗೆರೆಯ ಮೇಲಿನ ಚುಕ್ಕಿಯೊಂದನ್ನು
ಎಡಕ್ಕೆ ಒಂದು ಕೂದಲೆಳೆ ಎಳೆದ.
ಸಾಕಾ?
ಇನ್ನೂ.
ಈಗ?
ಇನ್ನೊಂಚೂರು.
ಮೃದಂಗದವರು ಕೆಮ್ಮಿ, ಜಮಖಾನ ಹತ್ತಿರ ಎಳೆದುಕೊಂಡರು.
ಅಲ್ಲಿ ಅವರು ಕೆಮ್ಮುತ್ತಾರೆಂಬುದೇ ಮರೆತುಹೋಗಿತ್ತು.

ನಲವತ್ತು ರೂಪಾಯಿ, ಜಾಲರಿ ಉಜ್ಜಿದ್ದಕ್ಕೆ.
ಚುಕ್ಕಿ ಎಳೆದದ್ದಕ್ಕೆ ತಗೊಳ್ಳಲಿಲ್ಲ.

ಕಂಪನಿಯವರಿಗೆ ಇನ್ನೂ ಉತ್ತರ ಬರೆದಿಲ್ಲ.
ಮಡಿಕೇರಿಯ ಕಿವಿ ಡಾಕ್ಟರ ನಂಬರು
ರಸೀತಿ ಪುಸ್ತಕದ ಬೆನ್ನಿಗೇ, ಲೆಕ್ಕದ ಕೆಳಗಿದೆ.

ರಾತ್ರಿ ದೇಚಮ್ಮ ಎಡಗಡೆಯಿಂದ ಏನೋ ಕೇಳಿದಳು.
ಹಾಂ? ಎಂದೆ.
ಎಷ್ಟು ವರ್ಷದಿಂದ ಹೀಗೆ ಹಾಂ ಎನ್ನುತ್ತಿದ್ದೇನೋ.
ಎದ್ದು, ಮಂಚ ಸುತ್ತಿ, ಅವಳ ಆ ಕಡೆ ಹೋಗಿ ಮಲಗಿದೆ.
ಇದೇನು ಹೊಸದು ಎಂದು ನಕ್ಕಳು.
ಆಮೇಲೆ ಅದೇ ಪ್ರಶ್ನೆ, ಇನ್ನೊಮ್ಮೆ, ಮೆಲ್ಲಗೆ:
ನಿಜ ಹೇಳಿ, ಅದಕ್ಕೆ ಎಷ್ಟು ಕೊಟ್ಟಿರಿ?

ಬಲಗಿವಿಗೆ ಪ್ರತಿ ಅಕ್ಷರವೂ ಕೇಳಿಸಿತು.