ಹಸಿವಿಲ್ಲದವಳ ಉಪವಾಸ

ಬಿ.ಎಂ. ರಸ್ತೆಯಲ್ಲಿ, ಟಯರ್ ರೀಸೋಲ್ ಅಂಗಡಿಯ ಮೇಲಿನ ಮಹಡಿ
ನಮ್ಮ ಮಾರ್ಮನ್ ಸಭೆ.
ಭಾನುವಾರವೂ ಕೆಳಗೆ ರಬ್ಬರು ಬೇಯುತ್ತದೆ.
ಆ ವಾಸನೆಯಲ್ಲೇ ರೊಟ್ಟಿ ಮುರಿಯುತ್ತೇವೆ,
ದ್ರಾಕ್ಷಾರಸವಿಲ್ಲ, ಹೆಬ್ಬೆರಳಷ್ಟು ಲೋಟದಲ್ಲಿ ನೀರು.
ಕಾಫಿಯೂ ಇಲ್ಲ.
ಹಾಸನದಲ್ಲಿದ್ದು ಕಾಫಿ ಕುಡಿಯದ ಇಪ್ಪತ್ತು ಚಿಲ್ಲರೆ ಜನ ನಾವು.
ಅದರಲ್ಲೂ ನಾನು
ಸೋಮವಾರದಿಂದ ಶನಿವಾರ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೀಜ ಆರಿಸುವವಳು.
‘ಉಪ್ಪು ನೋಡದ ಅಡಿಗೆಯವಳು’ ಅಂತ ನಗುತ್ತಾಳೆ
ಪಕ್ಕದ ಸಾಲಿನ ದೇವೀರಮ್ಮ.

ಎರಡು ವರ್ಷಕ್ಕೊಮ್ಮೆ ಅಧ್ಯಕ್ಷ ದಯಾನಿಧಿಯವರು
ದೇವಾಲಯದ ಚೀಟಿಗೆ ಎದುರು ಕೂರಿಸಿ ಕೇಳುತ್ತಾರೆ.
ದಶಮಾಂಶ? ಕೊಡುತ್ತೇನೆ.
ಕಾಫಿ, ಟೀ? ಮುಟ್ಟುತ್ತೇನೆ, ಕುಡಿಯುವುದಿಲ್ಲ.
ಶುದ್ಧತೆಯ ನಿಯಮ?
ಇಲ್ಲಿ ಅವರ ದನಿ ತಗ್ಗಿ
ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಗುತ್ತದೆ.
ಪಾಲಿಸುತ್ತೇನೆ, ಅನ್ನುತ್ತೇನೆ.
‘ಭೇಷ್, ಸಿಸ್ಟರ್ ಸುಕೃಪಾ. ಈ ಕಾಲದಲ್ಲಿ!’
ಓಡದ ಓಟಕ್ಕೆ ಪದಕ ಇಸಕೊಂಡ ಹಾಗೆ
ಚೀಟಿ ಮಡಿಸಿ ಪರ್ಸಿಗೆ ಹಾಕುತ್ತೇನೆ.
ಹಸಿವೇ ಇಲ್ಲದವಳು ಮಾಡಿದ ಉಪವಾಸಕ್ಕೆ
ಮೇಲೆ ಎಷ್ಟಂತ ಬರೆದುಕೊಳ್ಳುತ್ತಾರೋ.

ಅಮ್ಮ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.
ಥೈರಾಯ್ಡು, ರಕ್ತ, ಸ್ಕ್ಯಾನು,
ಎರಡು ಸಾವಿರದ ಮುನ್ನೂರು ರೂಪಾಯಿ.
ಎಲ್ಲ ನಾರ್ಮಲ್ ಅಂದರು.
ನಾರ್ಮಲ್ ಅಂದದ್ದಕ್ಕೆ ಅಮ್ಮ
ಆಟೋದಲ್ಲಿ ಮನೆ ತನಕ ಅತ್ತಳು.

ಮೈಸೂರಿನಿಂದ ಬೆನೋನಿ ಬಂದಿದ್ದ, ನನ್ನನ್ನು ನೋಡಲು.
ಮಹಾರಾಜ ಪಾರ್ಕಿನ ಕಲ್ಲುಬೆಂಚು, ಇಬ್ಬರ ನಡುವೆ ಚುರುಮುರಿ.
ಕಡಲೆಬೀಜವನ್ನೆಲ್ಲ ನನ್ನ ಕಡೆಗೆ ಸರಿಸುತ್ತಿದ್ದ.
ತಂಗಿಯ ಮದುವೆಯ ಸಾಲ, ಸತ್ತ ನಾಯಿ,
ಭಾಷಣಕ್ಕೆ ನಿಂತಾಗ ಬಾರದ ದನಿ, ಎಲ್ಲ ಹೇಳಿಕೊಂಡ.
ಇಷ್ಟವಾದ. ನಿಜ, ಇಷ್ಟವಾದ.
ದೀಪ ಹತ್ತುವವರೆಗೂ ಕೂತಿರಬಹುದಿತ್ತು,
ದಿನಾ ಹೀಗೇ, ಎಪ್ಪತ್ತು ವರ್ಷದವರೆಗೂ.
ಆದರೆ ಅವನ ಮಾತು ಮೆಲ್ಲಗೆ ರಾತ್ರಿಯ ಕಡೆ ತಿರುಗಿದಾಗ
ನನ್ನೊಳಗೆ ಆ ಕೋಣೆಯೇ ಇರಲಿಲ್ಲ.
ಬೀಗ ಹಾಕಿದ್ದಲ್ಲ. ಕಟ್ಟಿಯೇ ಇರಲಿಲ್ಲ.
‘ನನ್ನಲ್ಲೇನು ಕೊರತೆ?’ ಅಂದ.
ಏನೂ ಇಲ್ಲ ಅಂದೆ.
ನಿನ್ನಲ್ಲಿ, ಅಂತ ಅವನು ಕೇಳಲಿಲ್ಲ.
ಕೇಳಿದ್ದರೆ ಅದೇ ಉತ್ತರ.

ನನ್ನಂಥವರಿಗೆ ಒಂದು ಪದವಿದೆಯಂತೆ, ಇಂಗ್ಲಿಷಿನದು.
ಅಮ್ಮನಿಗೆ ಹೇಳಲು ಕನ್ನಡದಲ್ಲಿ ಹುಡುಕಿದೆ.
ಸಿಕ್ಕದ್ದೆಲ್ಲ ‘ಇಲ್ಲ’ದಿಂದ ಮುಗಿಯುತ್ತಿದ್ದವು.

‘ಚಿಂತೆ ಬೇಡ’ ಎಂದರು ಹೆಂಗಸರ ತರಗತಿಯಲ್ಲಿ ಸಿಸ್ಟರ್ ಸ್ವರ್ಣವೇಣಿ,
‘ಇಲ್ಲಿ ಸಿಗದಿದ್ದರೆ ಅಲ್ಲಿ ಸಿಗುತ್ತದೆ.
ಮದುವೆ ಸಾವಿಗೆ ಮುಗಿಯುವಂಥದ್ದಲ್ಲ.
ಪುನರುತ್ಥಾನದಲ್ಲಿ ಎಲ್ಲ ಸರಿಹೋಗುತ್ತೆ.’
ಕುರುಡನಿಗೆ ಕಣ್ಣು, ಕುಂಟನಿಗೆ ಕಾಲು,
ನನಗೆ ಗಂಡ.
ಎಲ್ಲರೂ ಆಮೆನ್ ಅಂದರು. ನಾನೂ ಅಂದೆ, ಅಭ್ಯಾಸ.
ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.
ಸರಿಮಾಡಿಬಿಟ್ಟರೆ
ಎದ್ದು ಬರುವವಳು ಯಾರು?
ನನ್ನ ಹೆಸರಿಗೆ ಅವಳು ಓಗೊಟ್ಟರೆ
ನಾನೆಲ್ಲಿರುತ್ತೇನೆ, ಸ್ವಾಮಿ?

ಕಾಫಿ ಹಣ್ಣಿನಲ್ಲಿ ಸಾಧಾರಣ ಎರಡು ಬೀಜ,
ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಒತ್ತಿಕೊಂಡು.
ಕೆಲವು ಹಣ್ಣಿನಲ್ಲಿ ಒಂದೇ.
ಎದುರಿನಿಂದ ಒತ್ತುವವರಿಲ್ಲದೆ ದುಂಡಗೆ ಬೆಳೆದಿರುತ್ತದೆ.
ಪೀಬೆರಿ ಅನ್ನುತ್ತೇವೆ. ಅದಕ್ಕೆ ಬೇರೆ ಜಾಲರಿ, ಬೇರೆ ಚೀಲ,
ಒಳ್ಳೇ ರೇಟೂ ಇದೆ.
ಹೊಸದಾಗಿ ಸೇರಿದ ಹುಡುಗಿ ಅದನ್ನು ಕರಿಬೀಜದ ಜೊತೆ
ಕಸಕ್ಕೆ ಹಾಕಿದ್ದಳು ಮೊನ್ನೆ.
ಬಯ್ಯಲಿಲ್ಲ.
ಮೊದಲ ವಾರ ನಾನೂ ಹಾಗೇ ಮಾಡಿದ್ದೆ.

ಸಭೆ ಮುಗಿದ ಮೇಲೆ ಖುರ್ಚಿ ಮಡಿಸುವುದು ನನ್ನ ಪಾಳಿ.
ಸಂಸಾರಗಳು ಕೂತೆದ್ದು ಹೋದ ಗುಂಪು ಗುಂಪು ಖುರ್ಚಿ,
ಒಂದರ ಕೆಳಗೆ ಯಾರದೋ ಮಗುವಿನ ಕಾಲುಚೀಲ.
ಕಿಟಕಿ ಹಾಕಿ, ಬೀಗ ಜಗ್ಗಿ ನೋಡಿ ಇಳಿಯುತ್ತೇನೆ.
ಮೆಟ್ಟಿಲ ಬುಡದಲ್ಲಿ ಟಯರ್ ಅಂಗಡಿಯ ಜಬೀವುಲ್ಲಾ
ಎಂದಿನಂತೆ ಕೇಳುತ್ತಾನೆ,
‘ಇವತ್ತು ಎಷ್ಟು ಜನ ಬಂದಿದ್ರಕ್ಕಾ?’

ಮನಸ್ಸಿನಲ್ಲೇ ಸಾಲುಸಾಲಾಗಿ ಎಣಿಸುತ್ತೇನೆ.
ಇಪ್ಪತ್ತಮೂರು, ಅನ್ನುತ್ತೇನೆ.
ನನ್ನನ್ನೂ ಸೇರಿಸಿ.